ರಕ್ತ ಒಬ್ಬರದು, ಗುಟ್ಟು ಇಡೀ ಬಳಗದ್ದು

ಬೀದರ್ ಜಿಲ್ಲೆಯ ಚಿಟಗುಪ್ಪದ ಕಡೆ ಹೆಣ್ಣು ನೋಡಲು ಹೊರಟವರು ಮೊದಲು ವಿಚಾರಿಸುವುದು ಹೊಲ, ಮನೆ, ಓದು, ನೌಕರಿ. ಅದೆಲ್ಲ ಬಾಯಿಬಿಟ್ಟು ಕೇಳುವ ಪ್ರಶ್ನೆಗಳು. ಇನ್ನೊಂದು ವಿಚಾರಣೆ ಬೇರೆಯೇ ನಡೆಯುತ್ತದೆ. ಆ ಊರಿಗೆ ಕೊಟ್ಟ ಅತ್ತೆಯೋ ಚಿಕ್ಕಮ್ಮನೋ ಇದ್ದರೆ ಅವರನ್ನು ಹಿಡಿದು ದನಿ ತಗ್ಗಿಸಿ ಕೇಳುತ್ತಾರೆ: ಆ ಮನೆತನದಲ್ಲಿ ಯಾರಿಗಾದರೂ ಫಿಟ್ಸ್ ಅದ ಏನ್ರೀ? ಬುದ್ಧಿ ಬೆಳೀದ ಕೂಸು ಹುಟ್ಟಿತ್ತಾ? ಅಜ್ಜನಿಗೆ ಕೊನೆಗಾಲದಲ್ಲಿ ಮರೆವು ಬಂದಿತ್ತಂತಲ್ಲ, ಖರೇನಾ? ಈ ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದ ಮನೆಗಳು ಅದನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿವೆ. ಕಾರಣ ಸ್ಪಷ್ಟ. ಒಬ್ಬ ಅಜ್ಜನ ಕಾಯಿಲೆಯ ಸುದ್ದಿ ಹೊರಬಿದ್ದರೆ ಐದಾರು ಮೊಮ್ಮಕ್ಕಳ ಸಂಬಂಧ ಕೆಡುತ್ತದೆ.

ಈಗ ಅದೇ ಉತ್ತರ ಒಂದು ಸಣ್ಣ ಗಾಜಿನ ನಳಿಕೆಯ ರಕ್ತದಲ್ಲಿ ಸಿಗುತ್ತದೆ. ಯಾವ ಅತ್ತೆಯನ್ನೂ ಕೇಳಬೇಕಿಲ್ಲ. ಸಂಶೋಧನೆಗೆಂದು ಆ ರಕ್ತವನ್ನು ನಾವೇ ಸ್ವಇಚ್ಛೆಯಿಂದ ಕೊಡುವ ಕಾಲ ಬಂದಿದೆ. ಕೊಡಬಾರದು ಎಂದು ಈ ಲೇಖನ ಹೇಳುತ್ತಿಲ್ಲ. ಕೊಡಬೇಕು, ಅದರಲ್ಲಿ ದೊಡ್ಡ ಒಳಿತಿದೆ. ಆದರೆ ಕೊಡುವಾಗ ಸಹಿ ಹಾಕುವ ಕೈ ಒಂದು, ಆ ಸಹಿಯ ಫಲ ಉಣ್ಣುವವರು ಇಡೀ ಬಳಗ. ಈ ಮಾತು ನಮ್ಮ ಒಪ್ಪಿಗೆಪತ್ರಗಳಲ್ಲಿ, ನಮ್ಮ ಕಾನೂನಿನಲ್ಲಿ ಸರಿಯಾಗಿ ಬಂದಿಲ್ಲ ಎಂಬುದು ನನ್ನ ಆತಂಕ.

ಬೇರೆ ಖಾಸಗಿ ಮಾಹಿತಿಗೂ ಇದಕ್ಕೂ ಇರುವ ಅಂತರ ನೋಡಿ. ಫೋನ್ ನಂಬರ್ ಸೋರಿದರೆ ಸಿಮ್ ಬದಲಿಸಬಹುದು, ಬ್ಯಾಂಕಿನ ಪಿನ್ ಬದಲಿಸಬಹುದು. ಜೀನು ಬದಲಿಸಲು ಬರುವುದಿಲ್ಲ. ಸುಮಾರು 300 ಕೋಟಿ ಅಕ್ಷರಗಳ ಆ ಸರಣಿಯಲ್ಲಿ ಅರ್ಧ ತಾಯಿಯದು, ಅರ್ಧ ತಂದೆಯದು. ಒಡಹುಟ್ಟಿದವರು ಸರಾಸರಿ ಅರ್ಧದಷ್ಟು ಹಂಚಿಕೊಳ್ಳುತ್ತಾರೆ, ಮಾಮಾ ಮತ್ತು ಅಕ್ಕನ ಮಗಳು ಕಾಲು ಭಾಗ, ಅತ್ತೆ-ಮಾಮಾನ ಮಕ್ಕಳು ಎಂಟನೇ ಒಂದು ಭಾಗ. ಇದು ಎಲ್ಲ ಊರಿನ ಲೆಕ್ಕ. ಮಾಮಾನಿಗೆ ಅಕ್ಕನ ಮಗಳನ್ನು ಕೊಟ್ಟು ತರುವ ನಮ್ಮ ಸೀಮೆಯಲ್ಲಿ ಈ ಎಳೆಗಳು ಇನ್ನೂ ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ನಿರ್ಣಾದ ಒಬ್ಬರು ಕೊಟ್ಟ ರಕ್ತ ಬೇಮಳಖೇಡದ, ಮನ್ನಾಎಖೆಳ್ಳಿಯ, ಹುಮನಾಬಾದಿನ ಬೀಗರ ಬಗ್ಗೆಯೂ ಅಷ್ಟಿಷ್ಟು ಹೇಳಿಬಿಡುತ್ತದೆ. ಅವರನ್ನು ಯಾರೂ ಕೇಳಿರುವುದಿಲ್ಲ.

ದೇಶದ ಅತಿ ದೊಡ್ಡ ಜೀನೋಮ್ ಯೋಜನೆಯ ಚುಕ್ಕಾಣಿ ನಮ್ಮ ರಾಜ್ಯದಲ್ಲೇ ಇದೆ. 2020ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಹಣದಿಂದ ಶುರುವಾದ ‘ಜೀನೋಮ್ ಇಂಡಿಯಾ’ದಲ್ಲಿ 20 ಸಂಸ್ಥೆಗಳು ಕೈಜೋಡಿಸಿದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಅದರ ನಾಯಕತ್ವ ವಹಿಸಿತು. ಹತ್ತು ಸಾವಿರ ಭಾರತೀಯರ ಪೂರ್ಣ ಜೀನೋಮ್ ಓದಿ ಮುಗಿಸಿ, 2025ರ ಜನವರಿ 9ರಂದು ಆ ದತ್ತಾಂಶವನ್ನು ಸಂಶೋಧಕರಿಗೆ ತೆರೆಯಲಾಯಿತು. ಅದೀಗ ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿದೆ. ಬೇಕಾದವರು ಅರ್ಜಿ ಹಾಕಿ, ಷರತ್ತಿಗೆ ಒಪ್ಪಿ ಪಡೆಯಬೇಕು. ಅದೇ ವರ್ಷ ಪ್ರಕಟವಾದ ಮೊದಲ ವಿಶ್ಲೇಷಣೆಯಲ್ಲಿ 83 ಸಮುದಾಯಗಳ 9,772 ಜನರ ಜೀನೋಮಿನಿಂದ ಸುಮಾರು 18 ಕೋಟಿ ವ್ಯತ್ಯಾಸಗಳನ್ನು ಪಟ್ಟಿ ಮಾಡಿದರು. ಇಷ್ಟು ದಿನ ಯುರೋಪಿನವರ ರಕ್ತ ಓದಿ ಕಲಿತದ್ದನ್ನೇ ನಮಗೂ ಅನ್ವಯಿಸಿ ಔಷಧಿ ಕೊಡುತ್ತಿದ್ದ ವೈದ್ಯಲೋಕಕ್ಕೆ ಇದು ಬೇಕಿತ್ತು.

ಎಷ್ಟು ಬೇಕಿತ್ತು ಎಂಬುದಕ್ಕೆ ನಮ್ಮ ಬಜಾರಿನಲ್ಲೇ ಒಂದು ಉದಾಹರಣೆ ಸಿಗುತ್ತದೆ. ಚಿಟಗುಪ್ಪ ನಿಜಾಮರ ಕಾಲದಲ್ಲಿ ಪಾಯಿಗಾ ಜಾಗೀರಿನ ಊರು. ವ್ಯಾಪಾರ, ದವಾಖಾನೆ, ಬೀಗತನ ಎಲ್ಲದಕ್ಕೂ ಹೈದರಾಬಾದಿನ ಕಡೆ ಮುಖ. ಆ ಸೀಮೆಯ ಕೋಮಟಿಗರ, ಅಂದರೆ ಆರ್ಯ ವೈಶ್ಯರ, ಅಂಗಡಿಗಳು ನಮಗೆಲ್ಲ ಪರಿಚಿತ. ಎರಡು-ಮೂರು ಸಾವಿರ ವರ್ಷಗಳಿಂದ ತಮ್ಮೊಳಗೇ ಕೊಟ್ಟು ತಂದುಕೊಂಡ ಈ ಸಮುದಾಯದಲ್ಲಿ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ ಕೊರತೆ ಬೇರೆಯವರಿಗಿಂತ ಬಹಳ ಹೆಚ್ಚು. ದಿನನಿತ್ಯ ಅದರಿಂದ ಏನೂ ತೊಂದರೆಯಿಲ್ಲ, ಕೊರತೆ ಇದೆ ಎಂಬುದೂ ಗೊತ್ತಾಗುವುದಿಲ್ಲ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಸ್ನಾಯು ಸಡಿಲಿಸಲು ಸಕ್ಸಿನೈಲ್‌ಕೋಲಿನ್ ಎಂಬ ಮದ್ದು ಕೊಟ್ಟಾಗ ಮಾತ್ರ ಪತ್ತೆಯಾಗುತ್ತದೆ: ಕೆಲವೇ ನಿಮಿಷಗಳಲ್ಲಿ ಇಳಿಯಬೇಕಾದ ಮದ್ದಿನ ಪ್ರಭಾವ ಇಳಿಯುವುದಿಲ್ಲ, ರೋಗಿ ತಾನಾಗಿ ಉಸಿರಾಡಲಾರ, ಗಂಟೆಗಟ್ಟಲೆ ವೆಂಟಿಲೇಟರ್ ಮೇಲಿರಬೇಕು. ಅರಿವಳಿಕೆ ವೈದ್ಯರಿಗೆ ಮುಂಚೆ ಗೊತ್ತಿದ್ದರೆ ಬೇರೆ ಮದ್ದು ಬಳಸುತ್ತಾರೆ, ಅಷ್ಟೇ. ಇಂಥ ವಿಷಯ ತಿಳಿದದ್ದು ಜನ ರಕ್ತ ಕೊಟ್ಟದ್ದರಿಂದ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಲಾಲ್‌ಜಿ ಸಿಂಗ್, ಕೆ. ತಂಗರಾಜ್ ಮತ್ತು ಅಮೆರಿಕದ ಡೇವಿಡ್ ರೈಶ್ 2009ರಲ್ಲಿ ಪ್ರಕಟಿಸಿದ ಅಧ್ಯಯನದ ನಂತರ, ನಮ್ಮ ದೇಶದಲ್ಲಿ ಹೀಗೆ ಒಳಗೊಳಗೇ ಮದುವೆಯಾದ ಅನೇಕ ಗುಂಪುಗಳಿಗೆ ತಮ್ಮದೇ ಆನುವಂಶಿಕ ತೊಂದರೆಗಳಿರಬಹುದು ಎಂಬ ಹುಡುಕಾಟ ಬಿರುಸಾಯಿತು.

ಹಾಗಾಗಿ ಇಂಥ ಅಧ್ಯಯನಗಳಲ್ಲಿ ಜಾತಿ ಕೇಳುತ್ತಾರೆ. ಕೇಳಲೇಬೇಕಾಗುತ್ತದೆ, ಏಕೆಂದರೆ ಮದುವೆಗಳು ನಡೆದದ್ದು ಜಾತಿಯೊಳಗೆ. ಜೀನೋಮಿನ ಲೆಕ್ಕದ ಪ್ರಕಾರ ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ಈ ನೆಲದಲ್ಲಿ ಎಲ್ಲರೂ ಎಲ್ಲರೊಂದಿಗೆ ಬೆರೆತಿದ್ದರು. ಆಮೇಲೆ ಬಾಗಿಲು ಮುಚ್ಚಿತು. ಮುಚ್ಚಿದ ಬಾಗಿಲನ್ನು ತೆರೆಯಲು ಹೋದವರ ಕಥೆ ಚಿಟಗುಪ್ಪದಿಂದ ದೂರವೇನಿಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತೆಂದು ಬಿಜ್ಜಳನ ಆಳ್ವಿಕೆಯಲ್ಲಿ ಆ ಇಬ್ಬರು ತಂದೆಯರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದ ಕಥೆ ಬಸವಕಲ್ಯಾಣದ ಮಕ್ಕಳಿಗೂ ಗೊತ್ತು. ಆ ನೆಲದವರಾದ ನಾವು ಅರ್ಜಿಯ ಜಾತಿ ಕಾಲಂ ನೋಡಿದಾಗ ಒಂದು ಕ್ಷಣ ತಡೆಯುವುದು ಸಹಜ. ವಿಜ್ಞಾನಿಗೆ ಅದು ಮದುವೆಯ ಚರಿತ್ರೆ. ನಾಳೆ ಅದೇ ಪಟ್ಟಿ ಇನ್ನೊಬ್ಬರ ಕೈಗೆ ಹೋದರೆ ಅವರಿಗೆ ಏನಾಗಿ ಕಾಣುತ್ತದೆ? ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಗೊಂಡ ಮತ್ತು ಕುರುಬ ಒಂದೇ ಸಮುದಾಯದ ಹೆಸರುಗಳೇ ಎಂಬ ಪ್ರಶ್ನೆ ದಶಕಗಳಿಂದ ಸರ್ಕಾರಿ ಕಡತಗಳಲ್ಲಿ ಓಡಾಡುತ್ತಿದೆ. ಇಂಥ ಕಡೆ ‘ರಕ್ತ ಪರೀಕ್ಷೆ ಮಾಡಿಸಿ ತೀರ್ಮಾನಿಸೋಣ’ ಎನ್ನುವ ಅಧಿಕಾರಿ ಒಬ್ಬ ಹುಟ್ಟಿದರೂ ಸಾಕು, ಅನಾಹುತ. ಜೀನು ಯಾರ ಜಾತಿ ಪ್ರಮಾಣಪತ್ರಕ್ಕೂ ಸಾಕ್ಷಿಯಲ್ಲ, ಆಗಲೂಬಾರದು. ಆದರೆ ಹಾಗೆಂದು ಯಾವ ಒಪ್ಪಿಗೆಪತ್ರದಲ್ಲಾದರೂ ಬರೆದುಕೊಡುತ್ತಾರೆಯೇ? ಬರೆದುಕೊಡಬೇಕು.

ಹೆಸರು ಹೊರಬೀಳದೆಯೂ ಒಂದು ಸಮುದಾಯಕ್ಕೆ ಹೇಗೆ ಪೆಟ್ಟು ಬೀಳುತ್ತದೆ ಎಂದು ತಿಳಿಯಲು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿಗೆ ಹೋಗಬೇಕು. 1970ರ ದಶಕದ ನಡುವಿನಲ್ಲಿ ಹಂದಿಗೋಡು ಎಂಬ ಊರಿನಲ್ಲಿ ಸೊಂಟ, ಮೊಣಕಾಲಿನ ಕೀಲು ಸವೆದು ಜನ ನಡೆಯಲಾರದೆ ಹೋಗುವ ಕಾಯಿಲೆ ಕಾಣಿಸಿತು. ಕೆಲವರಲ್ಲಿ ಎತ್ತರವೂ ಕುಗ್ಗಿತ್ತು. ಬಿದ್ದದ್ದು ಹೆಚ್ಚಾಗಿ ಚನ್ನಂಗಿ, ಛಲವಾದಿ ಕುಟುಂಬಗಳ ಮೇಲೆ, ಅಂದರೆ ಕೂಲಿಯನ್ನೇ ನಂಬಿದ ದಲಿತರ ಮೇಲೆ. ಮೊದಮೊದಲು ಅನುಮಾನ ಗದ್ದೆಗೆ ಸಿಂಪಡಿಸಿದ ಕೀಟನಾಶಕದ ಕಡೆ ತಿರುಗಿತ್ತು. ಬಡವರು ಗದ್ದೆಯ ಏಡಿ ಹಿಡಿದು ತಿನ್ನುತ್ತಿದ್ದರಲ್ಲ, ಆ ಏಡಿಯ ಮೂಲಕ ವಿಷ ಸೇರಿರಬಹುದೇ ಎಂದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನಗಳು ಮುಂದೆ ಇದನ್ನು ಆನುವಂಶಿಕ ಕಾಯಿಲೆ ಎಂದು ಗುರುತಿಸಿದವು. ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು, ಮಗುವಿಗೆ ಕಾಯಿಲೆ ಬರಬಹುದಾದ ಬಗೆ ಅದು.

ಆ ತೀರ್ಮಾನದ ತೂಕವನ್ನು ಸ್ವಲ್ಪ ನಿಂತು ಯೋಚಿಸಬೇಕು. ವಿಷ ಎಂದಿದ್ದರೆ ತಪ್ಪು ಗದ್ದೆಯದು, ಕೀಟನಾಶಕ ಕಂಪನಿಯದು, ಸರ್ಕಾರದ್ದು. ವಂಶದ್ದು ಎಂದ ಮೇಲೆ ಹೊರೆಯೆಲ್ಲ ಆ ಮನೆಗಳ ಹೆಗಲಿಗೆ. ವಿಜ್ಞಾನ ಕಂಡದ್ದನ್ನು ಹೇಳಬೇಕು, ಮುಚ್ಚಿಡಬಾರದು. ಆದರೆ ವಂಶದ್ದು ಎಂದು ಹೇಳಿದವರಿಗೆ ಅಲ್ಲಿಂದಲೇ ಹೊಸ ಜವಾಬ್ದಾರಿ ಶುರುವಾಗುತ್ತದೆ: ಮದುವೆಯ ವಯಸ್ಸಿನವರಿಗೆ ತಿಳಿಹೇಳುವುದು, ಕೀಲು ಬದಲಿಸುವ ಶಸ್ತ್ರಚಿಕಿತ್ಸೆಗೆ ದಾರಿ ಮಾಡುವುದು, ಪಿಂಚಣಿ ಕೊಡಿಸುವುದು, ಕಂಡುಹಿಡಿದದ್ದನ್ನು ಮತ್ತೆ ಮತ್ತೆ ಬಂದು ವಿವರಿಸುವುದು. ಈ ಕಾಯಿಲೆಯನ್ನು ಬುಡದಿಂದ ಕೀಳುವ ಮದ್ದು ಇವತ್ತಿಗೂ ಇಲ್ಲ. ರೋಗಿಗಳ ಹೆಸರು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿಲ್ಲ, ಅದು ಸರಿ. ಆದರೆ ಊರಿನ ಹೆಸರು? ಅದನ್ನೇ ಕಾಯಿಲೆಗೆ ಇಟ್ಟುಬಿಟ್ಟರು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಇಂದು ಅದು ‘ಹಂದಿಗೋಡು ಕಾಯಿಲೆ’. ಕಾಯಿಲೆಯಿಲ್ಲದ ಮನೆಯ ಹುಡುಗ ಕೂಡ ತನ್ನ ಊರು ಹಂದಿಗೋಡು ಎಂದು ಹೇಳುವಾಗ ಎದುರಿನವರ ಮುಖ ನೋಡಬೇಕಾದ ಸ್ಥಿತಿ. ನಮ್ಮ ಚಿಟಗುಪ್ಪದ ಹೆಸರನ್ನು ಯಾರಾದರೂ ಒಂದು ರೋಗಕ್ಕೆ ಇಡುತ್ತೇವೆ ಎಂದರೆ ನಾವು ಒಪ್ಪುತ್ತೇವೆಯೇ? ನಮ್ಮನ್ನು ಕೇಳುತ್ತಾರೆಯೇ?

ಇನ್ನೊಂದು ತುದಿಯಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರವಿದೆ. ಅದೇ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಅಲ್ಲಿನ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಹಮ್ಮಿಕೊಂಡಿದೆ. ನೆನಪಿನ ಪರೀಕ್ಷೆ, ರಕ್ತ, ಮಿದುಳಿನ ಸ್ಕ್ಯಾನ್, ಜೀನು, ಎಲ್ಲವೂ ಅದರಲ್ಲಿ ಸೇರಿದೆ. ಮರೆವಿನ ಕಾಯಿಲೆ ಯಾರಿಗೆ, ಏಕೆ ಬರುತ್ತದೆ ಎಂಬುದನ್ನು ನಮ್ಮ ಹಳ್ಳಿಯವರಿಂದಲೇ ಕಲಿಯುವ ಈ ಪ್ರಯತ್ನ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಒಮ್ಮೆ ಬಂದು ರಕ್ತ ಎಳೆದುಕೊಂಡು ಹೋಗುವುದಕ್ಕಿಂತ ಹೀಗೆ ಮತ್ತೆ ಮತ್ತೆ ಅದೇ ಮುಖಗಳನ್ನು ನೋಡುವ ಸಂಬಂಧ ಎಷ್ಟೋ ಮೇಲು. ಆದರೂ ಇಲ್ಲೊಂದು ಕಠಿಣ ಪ್ರಶ್ನೆಯಿದೆ. ನೆನಪು ಚೆನ್ನಾಗಿದ್ದಾಗ ಒಪ್ಪಿಗೆ ಕೊಟ್ಟ ತಾಯಿಗೆ ಹತ್ತು ವರ್ಷದ ನಂತರ ತಾನು ಒಪ್ಪಿಗೆ ಕೊಟ್ಟದ್ದೇ ನೆನಪಿಲ್ಲವಾದರೆ, ಬೇಡ ಎನ್ನುವ ಹಕ್ಕನ್ನು ಅವಳ ಪರವಾಗಿ ಯಾರು ಹಿಡಿದಿರುತ್ತಾರೆ? ಮಗನೇ? ಜೊತೆಗಿದ್ದು ಸೇವೆ ಮಾಡುವ ಸೊಸೆಯೇ?

‘ಹೆಸರು ತೆಗೆದುಹಾಕಿ ಬರೀ ನಂಬರ್ ಇಡುತ್ತೇವೆ’ ಎಂಬ ಭರವಸೆ ಎಲ್ಲ ಒಪ್ಪಿಗೆಪತ್ರಗಳಲ್ಲೂ ಇರುತ್ತದೆ. ಪ್ರಾಮಾಣಿಕವಾಗಿಯೇ ಕೊಡುವ ಭರವಸೆ ಅದು. ಆದರೆ ನೂರಕ್ಕೂ ಕಡಿಮೆ ಜಾಗಗಳಲ್ಲಿನ ವ್ಯತ್ಯಾಸ ನೋಡಿದರೆ ಒಬ್ಬ ಮನುಷ್ಯನನ್ನು ಭೂಮಿಯ ಮೇಲಿನ ಉಳಿದೆಲ್ಲರಿಂದ ಬೇರೆ ಮಾಡಬಹುದು. 2013ರಲ್ಲಿ ಅಮೆರಿಕದ ಸಂಶೋಧಕರು ಹೆಸರಿಲ್ಲದ ಜೀನೋಮುಗಳಿಂದ ಹೊರಟು, ಎಲ್ಲರಿಗೂ ತೆರೆದಿದ್ದ ವಂಶಾವಳಿ ದಾಖಲೆಗಳನ್ನು ಹೋಲಿಸಿ, ಕೊಟ್ಟವರ ಅಡ್ಡಹೆಸರನ್ನೇ ಕಂಡುಹಿಡಿದು ತೋರಿಸಿದರು. ಡಿಎನ್‌ಎ ರಚನೆ ಬಿಡಿಸಿದ ಜೇಮ್ಸ್ ವಾಟ್ಸನ್ 2007ರಲ್ಲಿ ತಮ್ಮ ಇಡೀ ಜೀನೋಮನ್ನು ಪ್ರಕಟಿಸಲು ಕೊಟ್ಟಾಗ ಒಂದೇ ಒಂದು ಜೀನನ್ನು ಮುಚ್ಚಿಡಲು ಹೇಳಿದ್ದರು: ಮರೆವಿನ ಕಾಯಿಲೆಯ ಸೂಚನೆ ಕೊಡುವ ಎಪಿಒಇ. ಅಕ್ಕಪಕ್ಕದ ಅಕ್ಷರಗಳನ್ನು ನೋಡಿಯೇ ಮುಚ್ಚಿಟ್ಟದ್ದನ್ನು ಊಹಿಸಬಹುದು ಎಂದು ಮರುವರ್ಷವೇ ಬೇರೆಯವರು ತೋರಿಸಿಕೊಟ್ಟರು. ವಾಟ್ಸನ್ನರಿಗೇ ಮುಚ್ಚಿಡಲಾಗದ್ದನ್ನು ನಮ್ಮ ತಾಲ್ಲೂಕಿನ ರೈತ ಮುಚ್ಚಿಡಬಲ್ಲನೇ?

ನಮ್ಮ ಊರುಗಳಿಂದ ಹೈದರಾಬಾದಿಗೆ, ಅಲ್ಲಿಂದ ಅಮೆರಿಕಕ್ಕೆ ಹೋದ ಮಕ್ಕಳಿದ್ದಾರೆ. ಅಲ್ಲಿ ಒಂದು ನಳಿಕೆಗೆ ಉಗುಳಿ ಅಂಚೆಗೆ ಹಾಕಿದರೆ ನಿಮ್ಮ ಮೂಲ ಯಾವುದು, ದೂರದ ನೆಂಟರು ಯಾರು ಎಂದು ತಿಳಿಸುವ ಕಂಪನಿಗಳಿವೆ. ಅವುಗಳಲ್ಲಿ ದೊಡ್ಡದೊಂದು 23ಆಂಡ್‌ಮಿ. ಗಿರಾಕಿಗಳು ಸುಮಾರು ಒಂದೂವರೆ ಕೋಟಿ ಇದ್ದರು. 2023ರಲ್ಲಿ ಕಳ್ಳರು ನೇರವಾಗಿ ಹೊಕ್ಕದ್ದು ಸುಮಾರು 14 ಸಾವಿರ ಖಾತೆಗಳಿಗೆ. ಕೈಗೆ ಸಿಕ್ಕ ಮಾಹಿತಿ 69 ಲಕ್ಷ ಜನರದು. ನೆಂಟರನ್ನು ಹುಡುಕಿಕೊಡುವ ಸೌಲಭ್ಯದ ಬಾಗಿಲಿನಿಂದಲೇ ಒಬ್ಬರಿಂದ ಇನ್ನೊಬ್ಬರಿಗೆ ದಾಟಿಕೊಂಡು ಹೋಗಿದ್ದರು. 2025ರ ಮಾರ್ಚಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಆಗ ಎಲ್ಲರ ಎದೆ ಧಸಕ್ಕೆಂದಿತು, ಏಕೆಂದರೆ ಹರಾಜಿಗಿದ್ದ ಆಸ್ತಿಯಲ್ಲಿ ಬೆಲೆಬಾಳುವುದು ಆ ಒಂದೂವರೆ ಕೋಟಿ ಜನರ ಜೀನೇ. ಕೊನೆಗೆ ಸಂಸ್ಥಾಪಕಿ ಆನ್ ವೊಜಿಸ್ಕಿ ನಡೆಸುವ ಲಾಭರಹಿತ ಸಂಸ್ಥೆಯೇ 30.5 ಕೋಟಿ ಡಾಲರಿಗೆ ಕೊಂಡಿತು. ಬೇರೆ ಯಾರಾದರೂ ಕೊಂಡಿದ್ದರೆ? ಕ್ಯಾಲಿಫೋರ್ನಿಯಾದ ಪೊಲೀಸರು 2018ರಲ್ಲಿ ದಶಕಗಳ ಹಿಂದಿನ ಸರಣಿ ಕೊಲೆಗಾರನನ್ನು ಹಿಡಿದದ್ದು ದೂರದ ಸಂಬಂಧಿಕರು ಇನ್ನೊಂದು ಕಡೆ ಹಾಕಿದ್ದ ಡಿಎನ್‌ಎಯಿಂದ. ಕೊಲೆಗಾರ ಸಿಕ್ಕಿದ್ದು ಒಳ್ಳೆಯದೇ. ಆದರೆ ಆ ಸಂಬಂಧಿಕರು ಪೊಲೀಸರಿಗೆಂದು ಕೊಟ್ಟಿರಲಿಲ್ಲ.

ಕಾನೂನಿನಲ್ಲಿ ನಮಗೆ ಹೆಮ್ಮೆಪಡುವ ಒಂದು ಹೆಸರಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟರು. ಆಧಾರ್ ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ಓದುವ ಅವಕಾಶವಿರಬೇಕು ಎನ್ನುತ್ತದೆ ಕಾಯ್ದೆ. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಆಡುವ ಚಿಟಗುಪ್ಪಕ್ಕೆ ಇದು ಸಣ್ಣ ವಿಷಯವಲ್ಲ.

ಕೊರತೆ ಇರುವುದು ಬೇರೆ ಕಡೆ. 2018, 2019ರ ಕರಡುಗಳಲ್ಲಿ ಜೀನು ಮಾಹಿತಿಯನ್ನು ‘ಸೂಕ್ಷ್ಮ’ ಎಂದು ಪ್ರತ್ಯೇಕವಾಗಿ ಕಾಪಾಡುವ ಮಾತಿತ್ತು. ಅಂತಿಮ ಕಾಯ್ದೆಯಲ್ಲಿ ಆ ವರ್ಗವೇ ಇಲ್ಲ. ನಿಮ್ಮ ಇಮೇಲ್ ವಿಳಾಸಕ್ಕೂ ನಿಮ್ಮ ವಂಶದ ರಕ್ತಕ್ಕೂ ಒಂದೇ ತಕ್ಕಡಿ. ಅದರ ಮೇಲೆ, ಒಬ್ಬ ವ್ಯಕ್ತಿಯ ಬಗ್ಗೆ ನಿರ್ಧಾರ ತೆಗೆದುಕೊಳ್ಳಲು ಬಳಸದಿದ್ದರೆ ಮತ್ತು ನಿಗದಿತ ಮಾನದಂಡಗಳನ್ನು ಪಾಲಿಸಿದರೆ, ಸಂಶೋಧನೆಗೆ ಕಾಯ್ದೆಯಿಂದ ವಿನಾಯಿತಿ. ಅಂದರೆ ನಾವು ಮಾತಾಡುತ್ತಿರುವ ಜಾಗದಲ್ಲಿಯೇ ಕಾನೂನು ಪಕ್ಕಕ್ಕೆ ಸರಿಯುತ್ತದೆ. ಉಳಿಯುವ ಮುಖ್ಯ ಆಸರೆ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ಮತ್ತು ಪ್ರತಿ ಸಂಸ್ಥೆಯ ನೈತಿಕ ಸಮಿತಿ. ಮಾರ್ಗಸೂಚಿ ಚೆನ್ನಾಗಿಯೇ ಇದೆ: ಜನರ ಭಾಷೆಯಲ್ಲಿ ತಿಳಿಸಬೇಕು, ಓದಲು ಬಾರದವರಿದ್ದರೆ ನಿಷ್ಪಕ್ಷಪಾತ ಸಾಕ್ಷಿ ಇರಬೇಕು, ಬೇಡವೆಂದಾಗ ಹಿಂದೆ ಸರಿಯಲು ಬಿಡಬೇಕು. ಸಮುದಾಯದ ಹಿರಿಯರ ಒಪ್ಪಿಗೆ ವ್ಯಕ್ತಿಯ ಒಪ್ಪಿಗೆಗೆ ಬದಲಿಯಲ್ಲ ಎಂದೂ ಅದು ಹೇಳುತ್ತದೆ.

ಈ ಕೊನೆಯ ಮಾತನ್ನು ನಾನು ಒತ್ತಿ ಹೇಳಬೇಕು. ಗುಟ್ಟು ಇಡೀ ಬಳಗದ್ದು ಎಂದ ಮಾತ್ರಕ್ಕೆ ಬಳಗದ ಯಜಮಾನ ಎಲ್ಲರ ಪರವಾಗಿ ಹೂಂ ಅನ್ನಬಹುದು ಎಂದು ಅರ್ಥವಲ್ಲ. ನಮ್ಮ ಮನೆಗಳಲ್ಲಿ ಹಾಗೆಯೇ ಆಗುತ್ತದೆ. ಆಶಾ ಕಾರ್ಯಕರ್ತೆ ಬಂದು ಕರೆದರೆ, ಪಡಸಾಲೆಯಲ್ಲಿ ಕುಂತ ಮಾವ ‘ಏನಾಗ್ತದ, ಕೊಡ್ರಿ’ ಅಂದರೆ, ಒಳಗಿನ ಸೊಸೆ ತೋಳು ಚಾಚುತ್ತಾಳೆ. ಮುಂದೆ ಅವಳ ಕೂಸಿಗೆ ಏನಾದರೂ ತೊಂದರೆ ಇದ್ದು, ಕಾಗದದಲ್ಲಿ ಅವಳ ಕಡೆಯಿಂದ ಬಂದ ಜೀನು ಎಂದು ಬಂದರೆ, ‘ಕೊಡ್ರಿ’ ಅಂದ ಮಾವನೇ ಅವಳನ್ನು ತವರಿಗೆ ಕಳಿಸುವ ಮಾತಾಡಿಯಾನು. ಅದೇ ತೊಂದರೆ ಹುಟ್ಟಬೇಕಾದರೆ ಬಹಳಷ್ಟು ಸಲ ಗಂಡನ ಕಡೆಯ ಪ್ರತಿಯೂ ಬೇಕು ಎಂದು ಆ ಮನೆಯಲ್ಲಿ ಕುಳಿತು ವಿವರಿಸುವವರು ಯಾರು? 2023ರ ಜುಲೈನಲ್ಲಿ ಮಧ್ಯಪ್ರದೇಶದ ಶಹಡೋಲಿನಲ್ಲಿ ಶುರುವಾದ ಕುಡಗೋಲು ಕಣ ರಕ್ತಹೀನತೆಯ ರಾಷ್ಟ್ರೀಯ ಅಭಿಯಾನ ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ 40 ವರ್ಷದೊಳಗಿನ ಏಳು ಕೋಟಿ ಜನರನ್ನು ತಪಾಸಣೆ ಮಾಡಿ, ಯಾರು ವಾಹಕರು ಎಂದು ತಿಳಿಸುವ ಕಾರ್ಡ್ ಕೊಡುವ ಗುರಿ ಇಟ್ಟುಕೊಂಡಿದೆ. ಮದುವೆಗೆ ಮುಂಚೆ ತಿಳಿದಿರಲಿ ಎಂಬುದು ಅದರ ಸದುದ್ದೇಶ. ಹಳ್ಳಿಯಲ್ಲಿ ಹುಡುಗಿಯ ಕಾರ್ಡನ್ನು ಎಲ್ಲರೂ ಕೇಳಿ, ಹುಡುಗನ ಕಾರ್ಡನ್ನು ಯಾರೂ ಕೇಳದೆ ಹೋಗಬಾರದು. ಆಪ್ತ ಸಲಹೆಗಾರರಿಲ್ಲದ ಕಡೆ ಕಾರ್ಡ್ ಮಾತ್ರ ಹಂಚುವುದು ಅರ್ಧ ಕೆಲಸ.

ಹೊರಗೆ ಇಂಥ ಜಗಳಗಳು ನ್ಯಾಯಾಲಯದವರೆಗೆ ಹೋಗಿವೆ. ಅಮೆರಿಕದ ಅರಿಜೋನಾದಲ್ಲಿ ಹವಸುಪೈ ಎಂಬ ಮೂಲನಿವಾಸಿಗಳು 1990ರ ಆಸುಪಾಸಿನಲ್ಲಿ ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆಂದು ರಕ್ತ ಕೊಟ್ಟಿದ್ದರು. ಅದೇ ರಕ್ತವನ್ನು ಮಾನಸಿಕ ಕಾಯಿಲೆ, ರಕ್ತಸಂಬಂಧದ ಮದುವೆ, ಅವರ ಪೂರ್ವಜರು ಎಲ್ಲಿಂದ ಬಂದರು ಎಂಬ ವಿಷಯಗಳಿಗೂ ಬಳಸಿದ್ದು ವರ್ಷಗಳ ನಂತರ ಗೊತ್ತಾಯಿತು. 2010ರಲ್ಲಿ ಅಧ್ಯಯನ ನಡೆಸಿದ್ದ ವಿಶ್ವವಿದ್ಯಾಲಯ 41 ಜನರಿಗೆ ಏಳು ಲಕ್ಷ ಡಾಲರ್ ಕೊಟ್ಟು, ಉಳಿದ ರಕ್ತವನ್ನು ಹಿಂತಿರುಗಿಸಿ ರಾಜಿ ಮಾಡಿಕೊಂಡಿತು. ಐಸ್‌ಲ್ಯಾಂಡಿನಲ್ಲಿ ಇಡೀ ದೇಶದ ಆರೋಗ್ಯ ದಾಖಲೆಗಳನ್ನು ಒಂದೆಡೆ ಸೇರಿಸಲು 1998ರಲ್ಲಿ ಕಾಯ್ದೆಯಾದಾಗ, ತೀರಿಹೋದ ತನ್ನ ತಂದೆಯ ದಾಖಲೆಯನ್ನು ಸೇರಿಸಬೇಡಿ ಎಂದು ಒಬ್ಬ ಮಗಳು ಕೋರ್ಟಿಗೆ ಹೋದಳು. ತಂದೆಯ ಮಾಹಿತಿಯಿಂದ ಮಗಳ ಬಗ್ಗೆಯೂ ತಿಳಿಯುತ್ತದೆ, ಆದ್ದರಿಂದ ಬೇಡ ಎನ್ನುವ ಹಕ್ಕು ಅವಳಿಗಿದೆ ಎಂದು 2003ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೇಳಿತು. ಬಳಗದ ಗುಟ್ಟಿನಲ್ಲಿ ಬಳಗದವರಿಗೂ ಮಾತಿದೆ ಎಂದು ಒಂದು ನ್ಯಾಯಾಲಯ ಒಪ್ಪಿದ ಆ ತೀರ್ಪನ್ನು ನಮ್ಮ ಕಾನೂನು ಬರೆಯುವವರು ಓದಬೇಕು.

ಅಲ್ಲಿಯವರೆಗೆ ನಾವು ಕೇಳಬಹುದಾದದ್ದನ್ನು ಕೇಳೋಣ. ಶಿಬಿರದಲ್ಲಿ ರಕ್ತ ತೆಗೆಯುವವರು ಚಿಕಿತ್ಸೆಗೆ ತೆಗೆಯುತ್ತಿದ್ದಾರೋ ಸಂಶೋಧನೆಗೋ ಎಂಬುದು ಮೊದಲ ಪ್ರಶ್ನೆ. ಎರಡಕ್ಕೂ ಒಂದೇ ಸಹಿ ಸಾಲದು. ರಕ್ತ ಎಲ್ಲಿ ಇರುತ್ತದೆ, ಎಷ್ಟು ವರ್ಷ, ಬೇರೆ ಕಾಯಿಲೆಯ ಅಧ್ಯಯನಕ್ಕೆ ಬಳಸುವಾಗ ಮತ್ತೆ ಕೇಳುತ್ತಾರೋ ಇಲ್ಲವೋ, ಔಷಧಿ ಕಂಪನಿಗೆ ಕೊಡುತ್ತಾರೋ. ನನ್ನಲ್ಲಿ ಏನಾದರೂ ಕಂಡುಬಂದರೆ ನನಗೆ ಹೇಳುತ್ತಾರೋ, ಹೇಳಬೇಡಿ ಎಂದರೆ ಸುಮ್ಮನಿರುತ್ತಾರೋ. ವಿಮೆಯ ಬಗ್ಗೆಯೂ ಕೇಳಿ: ಆನುವಂಶಿಕ ಕಾಯಿಲೆ ಎಂಬ ಕಾರಣಕ್ಕೆ ಆರೋಗ್ಯ ವಿಮೆ ನಿರಾಕರಿಸುವುದು ತಾರತಮ್ಯ ಎಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿದ್ದರೂ, ಜೀನು ತಾರತಮ್ಯ ತಡೆಯುವ ಪ್ರತ್ಯೇಕ ಕಾಯ್ದೆ ನಮ್ಮಲ್ಲಿ ಇನ್ನೂ ಆಗಿಲ್ಲ. ಸಂಶೋಧಕರು ಬಂದರೆ ವಾರ್ಡ್ ಸಭೆ, ಗ್ರಾಮಸಭೆಯಲ್ಲಿ ಮೊದಲು ವಿಷಯ ಹೇಳಲಿ, ಆಮೇಲೆ ಮನೆಮನೆಯಲ್ಲಿ ಒಬ್ಬೊಬ್ಬರನ್ನೇ, ಹೆಣ್ಣುಮಕ್ಕಳನ್ನು ಬೇರೆಯಾಗಿ ಕೂರಿಸಿಕೊಂಡು ಕೇಳಲಿ. ಅಧ್ಯಯನ ಮುಗಿದ ಮೇಲೆ ಅದೇ ಸಭೆಗೆ ಮರಳಿ ಬಂದು ಕಂಡದ್ದನ್ನು ಓದಿ ಹೇಳಲಿ. ಊರಿನ ಹೆಸರು, ಜಾತಿಯ ಹೆಸರು ಪ್ರಕಟವಾಗುವುದಾದರೆ ಅಚ್ಚಿಗೆ ಹೋಗುವ ಮುಂಚೆ ಅಲ್ಲಿ ಒಪ್ಪಿಗೆ ಪಡೆಯಲಿ.

ಬ್ಯಾಂಕ್ ಖಾತೆ ತೆರೆಯುವಾಗ ನಾಮಿನಿ ಯಾರು ಎಂದು ಕೇಳುತ್ತಾರೆ, ನಾವೂ ಬರೆಸುತ್ತೇವೆ. 2023ರ ಕಾಯ್ದೆಯಲ್ಲೂ ಅಂಥದೊಂದು ಹಕ್ಕಿದೆ: ಸತ್ತ ಮೇಲೆ ಅಥವಾ ಬುದ್ಧಿಶಕ್ತಿ ಕುಂದಿದಾಗ ನಮ್ಮ ದತ್ತಾಂಶದ ಹಕ್ಕುಗಳನ್ನು ನಮ್ಮ ಪರವಾಗಿ ಚಲಾಯಿಸುವವರನ್ನು ಮೊದಲೇ ಹೆಸರಿಸಬಹುದು. ಸಂಶೋಧನೆಯ ವಿನಾಯಿತಿಯೊಳಗೆ ಈ ಹಕ್ಕೂ ಕರಗಿಹೋಗದಂತೆ ನೋಡಿಕೊಳ್ಳಲು ನೈತಿಕ ಸಮಿತಿಗಳು ಹೊಸ ಕಾನೂನಿಗೆ ಕಾಯಬೇಕಿಲ್ಲ. ಒಪ್ಪಿಗೆಪತ್ರದಲ್ಲಿ ಒಂದು ಸಾಲು ಹೆಚ್ಚಿಸಿ, ರಕ್ತ ಕೊಡುವವರ ಹೆಸರಿನ ಕೆಳಗೆ ಅವರ ನಂತರ ಯಾರನ್ನು ಕೇಳಬೇಕು ಎಂದು ಬರೆಸಿಕೊಂಡರೆ ಸಾಕು.